ಬಿಟ್ಟುಬಂದ ಮರಿಗಳೂ ನೀತಿವಂತನ ಕರುಣೆಯೂ

ಧ್ಯಾನಕ್ಕಾಗಿ ವೇದಭಾಗ: ಜ್ಞಾನೋಕ್ತಿಗಳು 12ನೆಯ ಅಧ್ಯಾಯ, 10ನೆಯ ವಚನ.



ಮೇಲೆ ಸೂಚಿಸಿದ ವಚನದಲ್ಲಿ ಜ್ಞಾನಿಯು ನೀತಿವಂತನನ್ನೂ ದುಷ್ಟನನ್ನೂ ಎದುರೆದುರಾಗಿ ನಿಲ್ಲಿಸಿ ಅವರಿಬ್ಬರ ಭೇದವನ್ನು ನಮಗೆ ತೋರಿಸುತ್ತಾನೆ. ಇದಕ್ಕಾಗಿ ಅವನು ನಮ್ಮನ್ನು ದೇವಾಲಯಕ್ಕೆ ಕರೆದುಕೊಂಡು ಹೋಗುವದಿಲ್ಲ. ಬಲಿಪೀಠದ ಬಳಿಯಲ್ಲಿ ನಿಲ್ಲಿಸುವದಿಲ್ಲ. ನೇರವಾಗಿ ಮನೆಯ ಹಿತ್ತಲಿಗೂ ಕೊಟ್ಟಿಗೆಗೂ ಕರೆದುಕೊಂಡು ಹೋಗುತ್ತಾನೆ. ಯಾಕಂದರೆ ದೇವಾಲಯದಲ್ಲಿ ಎಲ್ಲರೂ ಭಕ್ತರಾಗಿ ಕಾಣಿಸಬಹುದು; ಆದರೆ ಮಾತಾಡಲಾರದ ಪ್ರಾಣಿಯ ಮುಂದೆ, ನೋಡುವವರು ಯಾರೂ ಇಲ್ಲದಿರುವಾಗ, ಮನುಷ್ಯನು ತಾನು ಎಂಥವನೋ ಅಂಥವನಾಗಿಯೇ ಇರುತ್ತಾನೆ. ನೀತಿವಂತನಾದವನು ತನ್ನ ಕೈಕೆಳಗಿರುವ ಮೂಕ ಪ್ರಾಣಿಯ ಜೀವವನ್ನು ಬಲ್ಲನೆಂಬುದೇ ಈ ವಚನದ ಮೊದಲನೆಯ ಭಾಗದ ಅರ್ಥವು. ಮೂಲ ಇಬ್ರಿಯ ಭಾಷೆಯಲ್ಲಿರುವ ಶಬ್ದವು ಬಲ್ಲನು ಎಂಬದೇ. ಅದಕ್ಕೆ ಹಸಿವೆ ಯಾವಾಗ, ನೋವು ಎಲ್ಲಿ, ಭಯ ಯಾತಕ್ಕೆ ಎಂಬುದನ್ನು ಅವನು ತಿಳುಕೊಂಡಿರುತ್ತಾನೆ.

ಆದರೆ ಎರಡನೆಯ ಭಾಗವು ಇನ್ನೂ ಚುಚ್ಚುವಂಥಾದ್ದು. ದುಷ್ಟನಿಗೆ ಕರುಣೆಯೇ ಇಲ್ಲವೆಂದು ಜ್ಞಾನಿಯು ಹೇಳುವದಿಲ್ಲ. ದುಷ್ಟನಿಗೂ ಒಂದು ವಿಧದ ಕರುಣೆ ಉಂಟು. ಆದರೆ ಆ ಕರುಣೆಯೇ ಕ್ರೂರವಾದದ್ದು ಎಂದು ಹೇಳುತ್ತಾನೆ. ಕರುಣೆಯು ಕ್ರೂರವಾಗುವದು ಹೇಗೆ? ಇದನ್ನು ತಿಳುಕೊಳ್ಳುವದಕ್ಕೆ ನಾವು ದೂರ ದೇಶಕ್ಕೆ ಹೋಗಬೇಕಾಗಿಲ್ಲ. ಕಾಳೀ ಹೊಳೆಯು ಕಡಲನ್ನು ಸೇರುವ ದೇವಬಾಗದ ಉಸುಕಿನ ಮೇಲೆ ನಿಂತು ನೋಡಿದರೆ ಸಾಕು.

ಮನೆಯ ನಾಯಿಯು ಆರೇಳು ಮರಿ ಹಾಕುತ್ತದೆ. ಗಂಡು ಮರಿಯೊಂದನ್ನು ಇಟ್ಟುಕೊಳ್ಳುತ್ತಾರೆ. ಉಳಿದವುಗಳನ್ನು, ವಿಶೇಷವಾಗಿ ಹೆಣ್ಣು ಮರಿಗಳನ್ನು, ಗೋಣಿಚೀಲದಲ್ಲಿ ಹಾಕಿ, ಕಣ್ಣು ಸರಿಯಾಗಿ ತೆರೆಯುವದಕ್ಕೆ ಮೊದಲೇ, ಮೀನುಪೇಟೆಯ ಬಳಿಯಲ್ಲಾಗಲಿ, ಹೆದ್ದಾರಿಯ ಮಗ್ಗುಲಲ್ಲಾಗಲಿ, ಗಾಳಿಮರಗಳ ತೋಪಿನಲ್ಲಾಗಲಿ ಬಿಟ್ಟುಬರುತ್ತಾರೆ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ, “ಕೊಲ್ಲುವದಕ್ಕೆ ಮನಸ್ಸು ಬರಲಿಲ್ಲ, ಬಿಟ್ಟುಬಂದೆವು, ಯಾರಾದರೂ ಸಾಕುವರು, ದೇವರು ನೋಡಿಕೊಳ್ಳುವನು” ಎಂದು ಉತ್ತರ ಕೊಡುತ್ತಾರೆ. ಪ್ರಿಯರೇ, ಇದೇ ಆ ಕ್ರೂರವಾದ ಕರುಣೆಯು. ತನ್ನ ಕೈಗೆ ರಕ್ತ ಅಂಟಬಾರದೆಂಬ ಕರುಣೆಯು ತನ್ನ ಮೇಲಿನ ಕರುಣೆಯೇ ಹೊರತು ಮರಿಯ ಮೇಲಿನದ್ದಲ್ಲ. ತಾಯಿಯ ಹಾಲಿಲ್ಲದ ಮರಿಯು ಬಿಸಿಲಿನಲ್ಲಿ ಎರಡು ದಿನ ಕೂಗಿ ಸಾಯುವದನ್ನು ಬಿಟ್ಟುಬಂದವನು ಕಾಣುವದಿಲ್ಲ. ಆದರೆ ಕಾಣದೆ ಇರುವದರಿಂದ ಅದು ಆಗಲಿಲ್ಲವೆಂದು ಹೇಳಬಹುದೋ? ಗುಬ್ಬಿಯು ನೆಲಕ್ಕೆ ಬೀಳುವದನ್ನು ಸಹ ತಿಳಿದಿರುವ ತಂದೆಯು ಅದನ್ನು ಕಾಣುತ್ತಾನೆ. ದೇವರು ನೋಡಿಕೊಳ್ಳುವನೆಂಬ ಮಾತು ನಿಜವೇ. ಆತನು ನೋಡುತ್ತಾನೆ, ಮರಿಯನ್ನೂ ನೋಡುತ್ತಾನೆ, ಚೀಲವನ್ನು ಹಿಡಿದ ಕೈಯನ್ನೂ ನೋಡುತ್ತಾನೆ.

ಈ ವಿಷಯವನ್ನು ನಾವು ಮೂರು ಭಾಗಗಳಾಗಿ ಧ್ಯಾನಿಸೋಣ. ಮೊದಲನೆಯದು, ದೇವರ ವಾಕ್ಯದಲ್ಲಿ ನಾಯಿಯ ಸ್ಥಾನವೇನು; ಎರಡನೆಯದು, ದಾರಿ ತಪ್ಪಿದ್ದರ ವಿಷಯವಾದ ಆಜ್ಞೆಯೇನು; ಮೂರನೆಯದು, ಕರುಣೆಯನ್ನು ಬುದ್ಧಿಯಿಂದ ನಡಿಸುವದು ಹೇಗೆ.

ಮೊದಲನೆಯದಾಗಿ, ದೇವರ ವಾಕ್ಯದಲ್ಲಿ ನಾಯಿಯ ಸ್ಥಾನ.

ಸತ್ಯವೇದದಲ್ಲಿ ನಾಯಿಯು ಹೆಚ್ಚಾಗಿ ನಿಂದೆಯ ಹೆಸರಾಗಿದೆ ಎಂಬುದನ್ನು ನಾವು ಮರೆಮಾಡಬೇಕಾಗಿಲ್ಲ. ಪಟ್ಟಣದ ಬೀದಿಗಳಲ್ಲಿ ಹಸಿದು ಅಲೆಯುವ ನಾಯಿಗಳನ್ನು ಕೀರ್ತನೆಗಾರನು ತನ್ನ ವೈರಿಗಳಿಗೆ ಹೋಲಿಸುತ್ತಾನೆ. ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ ಸುಳ್ಳು ಬೋಧಕರನ್ನು ಆ ಹೆಸರಿನಿಂದ ಕರೆಯುತ್ತಾನೆ. ಇವುಗಳನ್ನು ಓದಿ ಕೆಲವರು, ದೇವರೇ ನಾಯಿಯನ್ನು ಹೊರಗೆ ಹಾಕಿರುವಾಗ ನಮಗೇನು ಎಂದು ಹೇಳಬಹುದು. ಆದರೆ ಅದೇ ಸತ್ಯವೇದದಲ್ಲಿ ಬೇರೆ ಪುಟಗಳೂ ಉಂಟು. ಕಾಡುಮೃಗಗಳು ಸೀಳಿದ ಮಾಂಸವನ್ನು ಇಸ್ರಾಯೇಲ್ಯರು ತಿನ್ನದೆ ನಾಯಿಗಳಿಗೆ ಹಾಕಬೇಕೆಂದು ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ವಿಧಿಸಿದೆ. ಹೀಗೆ ಧರ್ಮಶಾಸ್ತ್ರದಲ್ಲಿ ನಾಯಿಗೂ ಒಂದು ಪಾಲು ಉಂಟು. ಯೋಬನ ಮಂದೆಯನ್ನು ನಾಯಿಗಳು ಕಾಯುತ್ತಿದ್ದವು. ಐಶ್ವರ್ಯವಂತನ ಬಾಗಿಲಲ್ಲಿ ಲಾಜರನು ಹುಣ್ಣುಗಳಿಂದ ತುಂಬಿ ಬಿದ್ದಿರುವಾಗ ಮನೆಯ ಒಳಗಿನಿಂದ ಯಾರೂ ಅವನ ಹತ್ತಿರ ಬರಲಿಲ್ಲ. ನಾಯಿಗಳು ಬಂದವೆಂದು ಲೂಕನು ಬರೆದಿದ್ದಾನೆ. ಬರಬೇಕಾದವನು ಬಾರದ ಸ್ಥಳಕ್ಕೆ ಮೂಕ ಪ್ರಾಣಿಗಳು ಬಂದವು. ಆ ಐಶ್ವರ್ಯವಂತನಿಗೆ ಇದು ಎಷ್ಟು ದೊಡ್ಡ ನಾಚಿಕೆಯು!

ಕಾನಾನ್ಯ ಸ್ತ್ರೀಯ ಸಂಗತಿಯನ್ನೂ ನೆನಸಿರಿ. ಮಕ್ಕಳ ರೊಟ್ಟಿಯ ವಿಷಯವಾಗಿ ಕರ್ತನು ಆಡಿದ ಕಠಿಣವಾದ ಮಾತನ್ನು ಕೇಳಿ ಅವಳು ಹಿಂದಿರುಗಿ ಹೋಗಲಿಲ್ಲ. ಯಜಮಾನನ ಮೇಜಿನ ಕೆಳಗೆ ಬೀಳುವ ತುಣುಕುಗಳಲ್ಲಿ ನಾಯಿಮರಿಗಳಿಗೂ ಪಾಲುಂಟಲ್ಲವೇ ಎಂದು ಬೇಡಿಕೊಂಡಳು. ಕರ್ತನು ಅವಳ ನಂಬಿಕೆಯನ್ನು ಮೆಚ್ಚಿ ಅವಳ ಮಗಳನ್ನು ಸ್ವಸ್ಥಮಾಡಿದನು. ಒಳ್ಳೇ ಮನೆಯಲ್ಲಿ ನಾಯಿಮರಿಯು ಉಪವಾಸ ಬೀಳುವದಿಲ್ಲವೆಂಬುದು ಆ ತಾಯಿಗೆ ತಿಳಿದಿತ್ತು. ಆ ತಿಳುವಳಿಕೆಯನ್ನೇ ಹಿಡಿದುಕೊಂಡು ಅವಳು ದೇವರ ಕರುಣೆಯನ್ನು ಅಳೆದಳು. ಈಗ ನಮ್ಮ ಮನೆಗಳನ್ನು ನೋಡಿ ಯಾರಾದರೂ ದೇವರ ಕರುಣೆಯನ್ನು ಅಳೆಯಬೇಕಾದರೆ ಅವರಿಗೆ ಎಂಥಾ ಅಳತೆ ಸಿಕ್ಕೀತು?

ಇನ್ನೊಂದು ಮಾತು. ನಮ್ಮ ಸಭೆಗಳಲ್ಲಿ ಅನೇಕರ ಹಿರಿಯರು ಊರ ಹೊರಗೆ ಇರಬೇಕಾದವರಾಗಿದ್ದರು. ನಾಯಿಯು ಒಳಗೆ ಬಂದ ಅಂಗಳಕ್ಕೆ ಅವರು ಬರಕೂಡದಾಗಿತ್ತು; ನಾಯಿ ಎಂಬ ಬೈಗುಳನ್ನು ಅವರು ದಿನಾಲು ಕೇಳಿದರು. ಸೌಲನ ಮೊಮ್ಮಗನಾದ ಕುಂಟ ಮೆಫೀಬೋಶೆತನು ದಾವೀದನ ಮುಂದೆ ಬಿದ್ದು, ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡದ್ದನ್ನು ನೀವು ಓದಿದ್ದೀರಿ. ಅಂಥವನಿಗೆ ಅರಸನು ತನ್ನ ಸ್ವಂತ ಮೇಜಿನಲ್ಲಿ ಸ್ಥಳ ಕೊಟ್ಟನು. ಹಾಗೆಯೇ ಕ್ರಿಸ್ತನು ನಮ್ಮನ್ನು ಹೊರಗಿನಿಂದ ಕರೆದು ತನ್ನ ಮೇಜಿಗೆ ಕೂಡಿಸಿದನು. ಹೊರಗೆ ನಿಲ್ಲುವದು ಏನೆಂಬುದನ್ನು ಬಲ್ಲ ಜನರು ಬಾಗಿಲಲ್ಲಿ ನಡುಗುತ್ತಾ ನಿಂತಿರುವದನ್ನು ಕಲ್ಲು ಹೊಡೆದು ಓಡಿಸಬಹುದೋ? ಬೈಸಿಕೊಂಡವನು ಬೈಯುವದನ್ನು ಕಲಿಯಬಾರದು. ಕರುಣೆ ಹೊಂದಿದವನು ಕರುಣೆಯನ್ನು ಕಲಿಯಬೇಕು.

ನಾಯಿಯನ್ನು ಬೈರವನ ವಾಹನವೆಂದು ಗೌರವಿಸುವ ನೆರೆಯವರು ನಮಗುಂಟು. ನಾವು ಯಾವ ಪ್ರಾಣಿಯನ್ನೂ ಪೂಜಿಸುವದಿಲ್ಲ, ಸೃಷ್ಟಿಕರ್ತನೊಬ್ಬನನ್ನೇ ಆರಾಧಿಸುತ್ತೇವೆ. ಆದರೆ ಪೂಜಿಸದಿರುವದೆಂದರೆ ಹಿಂಸಿಸುವದೆಂದು ಅರ್ಥವಲ್ಲ. ಜಲಪ್ರಳಯದ ತರುವಾಯ ದೇವರು ನೋಹನ ಸಂಗಡ ಮಾತ್ರವಲ್ಲ, ನಾವೆಯಿಂದ ಹೊರಗೆ ಬಂದ ಎಲ್ಲಾ ಜೀವಜಂತುಗಳ ಸಂಗಡಲೂ ಒಡಂಬಡಿಕೆ ಮಾಡಿಕೊಂಡನೆಂದು ಆದಿಕಾಂಡದ 9ನೆಯ ಅಧ್ಯಾಯದಲ್ಲಿದೆ. ಮುಂಗಾರಿನಲ್ಲಿ ನಮ್ಮ ಕಡಲಿನ ಮೇಲೆ ಬಿಲ್ಲು ಮೂಡಿದಾಗ ಅದು ನಿಮಗೋಸ್ಕರ ಮಾತ್ರ ಮೂಡಿತೆಂದು ನೆನಸಬೇಡಿರಿ.

ಎರಡನೆಯದಾಗಿ, ದಾರಿ ತಪ್ಪಿದ್ದರ ವಿಷಯವಾದ ಆಜ್ಞೆ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ ಆರಂಭದಲ್ಲಿ, ಸಹೋದರನ ಎತ್ತಾಗಲಿ ಕುರಿಯಾಗಲಿ ದಾರಿ ತಪ್ಪಿ ಹೋಗುವದನ್ನು ಕಂಡವನು ಏನು ಮಾಡಬೇಕೆಂದು ಬರೆದಿದೆ. ಅಲ್ಲಿ ಮೂರು ಆಜ್ಞೆಗಳುಂಟು. ಮೊದಲನೆಯದು, ಕಂಡೂ ಕಾಣದವನ ಹಾಗೆ ಹೋಗಬಾರದು. ಎರಡನೆಯದು, ಯಜಮಾನನು ದೂರದವನಾಗಿದ್ದರೆ ಅಥವಾ ಯಾರೆಂದು ತಿಳಿಯದಿದ್ದರೆ, ಅದನ್ನು ತನ್ನ ಮನೆಗೆ ತಂದು, ಅವನು ಹುಡುಕಿಕೊಂಡು ಬರುವ ತನಕ ಇಟ್ಟುಕೊಳ್ಳಬೇಕು. ಮೂರನೆಯದು, ಅವನು ಬಂದಾಗ ಹಿಂದಕ್ಕೆ ಕೊಡಬೇಕು. ಎತ್ತು, ಕುರಿ, ಕತ್ತೆ, ಬಟ್ಟೆ ಎಂದು ಹೇಳಿ, ಕಳೆದುಹೋದ ಬೇರೆ ಯಾವದರ ವಿಷಯದಲ್ಲಿಯೂ ಇದೇ ನಿಯಮವೆಂದು ಸೇರಿಸಿದೆ. ವಿಮೋಚನಕಾಂಡದ 23ನೆಯ ಅಧ್ಯಾಯವು ಇನ್ನೂ ಮುಂದಕ್ಕೆ ಹೋಗಿ, ಅದು ನಿನ್ನ ವೈರಿಯದ್ದಾದರೂ ಹಾಗೆಯೇ ಮಾಡಬೇಕೆಂದು ವಿಧಿಸುತ್ತದೆ. ನೆರೆಯವನ ಸಂಗಡ ಗಡಿಯ ಜಗಳವಿದೆ ಎಂದು ಅವನ ನಾಯಿಯು ಗಾಯಪಟ್ಟು ಬಿದ್ದಿರುವಾಗ ಸಂತೋಷಪಡುವವನು ಈ ಆಜ್ಞೆಯನ್ನು ಓದಲಿ. ದಾರಿ ತಪ್ಪಿದ ಪ್ರಾಣಿಯನ್ನು ವೈರಿಯ ಬಾಗಿಲಿಗೆ ಕರೆದುಕೊಂಡು ಹೋದವನು ಆ ಬಾಗಿಲಲ್ಲಿ ಏನಾದರೂ ಮಾತಾಡಲೇಬೇಕಾಗುವದು. ಹೀಗೆ ಪ್ರಾಣಿಯ ನೆವದಿಂದ ದೇವರು ಇಬ್ಬರು ಮನುಷ್ಯರನ್ನು ಸಮಾಧಾನಕ್ಕೆ ನಡಿಸುತ್ತಾನೆ.

ನಮ್ಮ ಸೀಮೆಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನಪಿಗೆ ತರುವೆನು. 2024ನೆಯ ಇಸವಿ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡವು ಮಳೆಯಿಂದ ಕುಸಿದು, ರಸ್ತೆಯ ಬದಿಯ ಚಹಾದ ಅಂಗಡಿಯನ್ನೂ ಅದನ್ನು ನಡಿಸುತ್ತಿದ್ದ ಕುಟುಂಬವನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ಹೊಳೆಯ ಕಡೆಗೆ ದೂಡಿಬಿಟ್ಟಿತು. ಅನೇಕರು ಪ್ರಾಣ ಕಳಕೊಂಡರು. ಆ ಅಂಗಡಿಯವರು ಸಾಕಿದ್ದ ನಾಯಿಯು ಕೆಸರಿನ ರಾಶಿಯ ಸುತ್ತಲೂ ತಿರುಗುತ್ತಾ ತನ್ನವರನ್ನು ಹುಡುಕುತ್ತಿತ್ತೆಂದು ವರ್ತಮಾನಪತ್ರಿಕೆಗಳು ಬರೆದವು. ಬಳಿಕ ಜಿಲ್ಲೆಯ ಪೊಲೀಸ್ ಅಧಿಕಾರಿಯೊಬ್ಬರು ಅದನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರೆಂಬ ಸುದ್ದಿಯೂ ಬಂತು. ಆ ದಿನಗಳಲ್ಲಿ ಮಣ್ಣು ತೆಗೆಯುವ ಯಂತ್ರಗಳ ಸದ್ದಿನ ಮಧ್ಯದಲ್ಲಿ ಒಂದು ನಾಯಿಯನ್ನು ಗಮನಿಸುವದಕ್ಕೆ ಯಾರಿಗೂ ಸಮಯವಿಲ್ಲವೆಂದು ಹೇಳಿದ್ದರೆ ತಪ್ಪೆಂದು ಹೇಳುವವರಾರು? ಆದರೂ ಒಬ್ಬರು ಕಂಡೂ ಕಾಣದವರ ಹಾಗೆ ಹೋಗಲಿಲ್ಲ. ಅದರ ಯಜಮಾನರು ಹುಡುಕಿಕೊಂಡು ಬರಲಾರರು. ಹಾಗಾದರೂ ಅದಕ್ಕೆ ಒಂದು ಬಾಗಿಲು ತೆರೆಯಿತು.

ಮನುಷ್ಯರಿಗೇ ಇಲ್ಲದಿರುವಾಗ ನಾಯಿಗೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆಯೇ. ನಾಯಿಗೆ ಹಾಲು ಇಟ್ಟು, ಬಾಗಿಲಿಗೆ ಬಂದ ಬಡವನನ್ನು ಬೈದು ಕಳುಹಿಸುವವನು ದೇವರ ಮುಂದೆ ಅಪರಾಧಿಯು. ಅನೇಕ ಗುಬ್ಬಿಗಳಿಗಿಂತ ಮನುಷ್ಯನು ಹೆಚ್ಚಿನವನೆಂದು ಕರ್ತನೇ ಹೇಳಿದ್ದಾನೆ. ಆದರೆ ಈ ಪ್ರಶ್ನೆಯನ್ನು ಕೇಳುವವರು ಮನುಷ್ಯನಿಗೆ ಏನು ಕೊಟ್ಟರು ಎಂದೂ ನಾವು ವಿಚಾರಿಸಬೇಕು. ಹೆಚ್ಚಾಗಿ ಕಾಣುವದೇನಂದರೆ, ಒಂದಕ್ಕೆ ತೆರೆದ ಕೈಯೇ ಮತ್ತೊಂದಕ್ಕೂ ತೆರೆಯುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕಾಳೀ ಹೊಳೆಯ ಹಳೇ ಸೇತುವೆಯು ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ, ಅದರ ಚಾಲಕನನ್ನು ಕತ್ತಲೆಯಲ್ಲಿಯೇ ಜೀವಸಹಿತ ಮೇಲೆ ತಂದರು. ಅವನು ಯಾವ ಊರಿನವನು, ಯಾವ ಜಾತಿಯವನು ಎಂದು ವಿಚಾರಿಸಿದ ಮೇಲೆ ನೀರಿಗಿಳಿಯುವ ರೂಢಿಯು ದೋಣಿಯವರಲ್ಲಿಲ್ಲ. ಸಬ್ಬತ್ ದಿನದಲ್ಲಿ ಬಾವಿಗೆ ಬಿದ್ದ ಎತ್ತನ್ನು ಕೂಡಲೆ ಮೇಲಕ್ಕೆ ಎತ್ತುವವರು ರೋಗಿಯನ್ನು ಸ್ವಸ್ಥಮಾಡುವದಕ್ಕೆ ಯಾಕೆ ತಡಮಾಡಬೇಕೆಂದು ಕರ್ತನು ಫರಿಸಾಯರಿಗೆ ಕೇಳಿದಾಗ, ಎತ್ತನ್ನು ಎತ್ತುವದು ತಪ್ಪೆಂದು ಆತನು ಹೇಳಲಿಲ್ಲ. ಒಂದು ಕರುಣೆಯಿಂದ ಮತ್ತೊಂದಕ್ಕೆ ಅವರನ್ನು ನಡಿಸಿದನು.

ನಮ್ಮ ಸಭೆಯ ಪೂರ್ವಿಕರಲ್ಲಿಯೂ ಇದಕ್ಕೆ ಸಾಕ್ಷಿಗಳುಂಟು. 1824ರಲ್ಲಿ ಲಂಡನ್ ಪಟ್ಟಣದಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘವನ್ನು ಸ್ಥಾಪಿಸಿದವರಲ್ಲಿ ಮುಖ್ಯನು ಆರ್ಥರ್ ಬ್ರೂಮ್ ಎಂಬ ಸಭಾಪಾಲಕನು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸನೂ ಅದರಲ್ಲಿ ಸೇರಿದ್ದನು. ಸಂಘದ ಸಾಲಕ್ಕಾಗಿ ಬ್ರೂಮನು ಸೆರೆಮನೆಗೆ ಸಹ ಹೋಗಬೇಕಾಯಿತು. 1860ರಲ್ಲಿ ಅದೇ ಪಟ್ಟಣದಲ್ಲಿ ಮೇರಿ ಟೀಲ್ಬಿ ಎಂಬ ಸ್ತ್ರೀಯು ದಾರಿ ತಪ್ಪಿದ, ಹಸಿವೆಯಿಂದ ಸಾಯುತ್ತಿರುವ ನಾಯಿಗಳಿಗಾಗಿ ಒಂದು ಆಶ್ರಯವನ್ನು ತೆರೆದಳು. ಆಗಿನ ಪತ್ರಿಕೆಯವರು ಅವಳನ್ನು ನೋಡಿ ನಕ್ಕರು. ಅವಳು 1865ರಲ್ಲಿ ತೀರಿಕೊಂಡಳು. ಆದರೆ ಆ ಆಶ್ರಯವು 1871ರಲ್ಲಿ ಬ್ಯಾಟರ್ಸಿ ಎಂಬ ಸ್ಥಳಕ್ಕೆ ಹೋಗಿ ಇಂದಿನ ವರೆಗೂ ನಡೆಯುತ್ತಾ ಇದೆ. ನಕ್ಕವರ ಹೆಸರುಗಳನ್ನು ಈಗ ಯಾರು ಬಲ್ಲರು? ಗುಲಾಮನ ಸಂಕೋಲೆಯನ್ನು ಮುರಿಯಲೆತ್ನಿಸಿದ ಕೈಯೇ ಪ್ರಾಣಿಯನ್ನು ಹೊಡೆಯುವ ಕೋಲನ್ನೂ ಹಿಡಿದು ತಡೆಯಿತೆಂಬುದನ್ನು ಮರೆಯಬೇಡಿರಿ.

ಮೂರನೆಯದಾಗಿ, ಕರುಣೆಯನ್ನು ಬುದ್ಧಿಯಿಂದ ನಡಿಸುವದು.

ಸಮಾರ್ಯದವನು ಗಾಯಪಟ್ಟವನನ್ನು ಕಂಡು ಮರುಗಿದ್ದು ಮಾತ್ರವಲ್ಲ. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯ ಕಟ್ಟಿದನು, ವಾಹನಕ್ಕೆ ಏರಿಸಿದನು, ಛತ್ರಕ್ಕೆ ಸೇರಿಸಿದನು, ಎರಡು ಹಣ ಕೊಟ್ಟನು, ತಿರಿಗಿ ಬರುವೆನೆಂದು ಹೇಳಿಹೋದನು. ಕಣ್ಣೀರಿಗೆ ಕ್ರಮ ಬೇಕು. ಆದದರಿಂದ ಕೆಲವು ಸಂಗತಿಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ.

ಹೆದ್ದಾರಿಯಲ್ಲಿ ವಾಹನ ತಗಲಿ ಬಿದ್ದ ನಾಯಿಯು ನೋವಿನಿಂದ ತನ್ನ ಯಜಮಾನನನ್ನೂ ಕಚ್ಚೀತು. ಆದಕಾರಣ ನಿಧಾನವಾಗಿ ಮಾತಾಡುತ್ತಾ ಸಮೀಪಿಸಿ, ದಪ್ಪ ಬಟ್ಟೆಯನ್ನು ಅದರ ಮೇಲೆ ಹೊದಿಸಿ, ಹಲಿಗೆಯ ಮೇಲಾಗಲಿ ಚೀಲದ ಮೇಲಾಗಲಿ ಮಲಗಿಸಿ ರಸ್ತೆಯಿಂದ ನೆರಳಿಗೆ ತರಬೇಕು. ಪಶುವೈದ್ಯ ಆಸ್ಪತ್ರೆಗೆ ತಿಳಿಸಬೇಕು. ಸರಕಾರದ ಸಂಚಾರಿ ಪಶುವೈದ್ಯ ವಾಹನವನ್ನು ಕರೆಯುವದಕ್ಕೆ 1962 ಎಂಬ ದೂರವಾಣಿ ಸಂಖ್ಯೆಯುಂಟು. ಬಾಯಿಂದ ಜೊಲ್ಲು ಸುರಿಸುತ್ತಾ, ತೂರಾಡುತ್ತಾ, ಕಾರಣವಿಲ್ಲದೆ ಕಚ್ಚಲು ಬರುವ ನಾಯಿಯ ಹತ್ತಿರ ಹೋಗಬೇಡಿರಿ. ಮಕ್ಕಳನ್ನು ಒಳಗೆ ಕರೆದು, ಅಧಿಕಾರಿಗಳಿಗೆ ತಿಳಿಸಿರಿ.

ನಾಯಿಯು ಕಚ್ಚಿದರೆ, ಅಥವಾ ಅದರ ಜೊಲ್ಲು ಗಾಯಕ್ಕೆ ತಗಲಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಕಾಲು ತಾಸು ತೊಳೆಯಿರಿ; ಸುಣ್ಣ, ಮೆಣಸಿನ ಪುಡಿ, ಸೊಪ್ಪಿನ ರಸ ಇವುಗಳನ್ನು ಹಚ್ಚಬೇಡಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಎಲ್ಲಾ ದಿನಗಳಲ್ಲಿಯೂ ಚುಚ್ಚುಮದ್ದು ತೆಗೆದುಕೊಳ್ಳಿರಿ. ಹುಚ್ಚುನಾಯಿಯ ರೋಗವು ಒಮ್ಮೆ ಕಾಣಿಸಿಕೊಂಡರೆ ಬದುಕುವದು ಬಹು ಅಪರೂಪ. ಆದರೆ ಮುಂಚಿತವಾಗಿ ಮದ್ದು ತೆಗೆದುಕೊಂಡರೆ ತಡೆಯಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಎಂಬ ಪಂಡಿತನು ಒಂಬತ್ತು ವರುಷದ ಹುಡುಗನಿಗೆ ಈ ಮದ್ದನ್ನು ಮೊದಲು ಕೊಡಿಸಿದನು. ಅಂದಿನಿಂದ ಅಸಂಖ್ಯಾತ ತಾಯಂದಿರು ತಮ್ಮ ಮಕ್ಕಳನ್ನು ತಿರಿಗಿ ಪಡೆದರು. ಮಂತ್ರ ಹಾಕಿಸುವದರಲ್ಲಿ ದಿನ ಕಳೆಯುವವನು ದೇವರು ಕೊಟ್ಟ ಈ ಸಹಾಯವನ್ನು ತಳ್ಳಿಬಿಡುತ್ತಾನೆ.

ನಾಯಿಗೇ ಲಸಿಕೆ ಹಾಕಿಸುವದು ಇದಕ್ಕಿಂತಲೂ ಒಳ್ಳೇದು. ನಮ್ಮ ನೆರೆಯ ಗೋವೆಯಲ್ಲಿ ಬೀದಿಯ ನಾಯಿಗಳಿಗೂ ಮನೆಯ ನಾಯಿಗಳಿಗೂ ವರುಷ ವರುಷ ಲಸಿಕೆ ಹಾಕಿಸಿದ್ದರಿಂದ, 2021ರಲ್ಲಿ ಆ ರಾಜ್ಯವು ಈ ರೋಗವನ್ನು ಹತೋಟಿಗೆ ತಂದ ರಾಜ್ಯವೆಂದು ಪ್ರಕಟವಾಯಿತು. ಗಡಿಯ ಆಚೆ ಆದದ್ದು ಈಚೆಯಲ್ಲಿ ಆಗಲಾರದೋ? ಹೆಣ್ಣು ನಾಯಿಗೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗೋಣಿಚೀಲದ ಪಾಪಕ್ಕೆ ಅವಕಾಶವೇ ಇರದು. ಹಸಿವೆ ನೀರಡಿಕೆಗಳಿಂದ ಬಾಧೆಪಡುವ ಹಾಗೆ ಪ್ರಾಣಿಯನ್ನು ಬಿಟ್ಟುಬಿಡುವದು 1960ರ ಕಾನೂನಿನ ಪ್ರಕಾರ ಅಪರಾಧವೂ ಆಗಿದೆ. ಆದರೆ ಕ್ರೈಸ್ತನು ದಂಡಕ್ಕೆ ಹೆದರಿಯಲ್ಲ, ಮನಸ್ಸಾಕ್ಷಿಯ ನಿಮಿತ್ತವಾಗಿ ಅದನ್ನು ಬಿಡಬೇಕು.

ದೇವಬಾಗದಂಥ ಕಡಲಕರೆಯಲ್ಲಿ ಇನ್ನೊಂದು ವಿಷಯವೂ ಉಂಟು. ಮೀನಿನ ಕಾಲದಲ್ಲಿ ಬಲೆಯಿಂದ ಉದುರಿದ್ದನ್ನು ತಿಂದು ಬದುಕುವ ನಾಯಿಗಳಿಗೆ, ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ದಡದಲ್ಲಿ ನಿಂತಾಗ ಏನೂ ಸಿಕ್ಕುವದಿಲ್ಲ. ಪ್ರವಾಸಿಗಳೂ ಆ ಮಳೆಯಲ್ಲಿ ಬರುವದಿಲ್ಲ. ಆಗ ಅವು ಎಲುಬುಗಳಾಗಿ ಅಲೆಯುತ್ತವೆ. ಚಳಿಗಾಲದಲ್ಲಿ ಕಡಲಾಮೆಯು ರಾತ್ರಿಯಲ್ಲಿ ದಡಕ್ಕೆ ಬಂದು ಉಸುಕಿನಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟುಹೋಗುತ್ತದೆ. ಹಸಿದ ನಾಯಿಗಳು ಅವುಗಳನ್ನು ಅಗೆದು ತಿನ್ನುತ್ತವೆ. ಆದದರಿಂದಲೇ ಅರಣ್ಯ ಇಲಾಖೆಯವರು ಅಂಥಾ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ನೋಡಿರಿ, ಒಬ್ಬನು ಬಿಟ್ಟುಹೋದ ಮರಿಯಿಂದ ಮತ್ತೊಂದು ಜೀವದ ಸಂತತಿಗೆ ನಷ್ಟವಾಗುತ್ತದೆ. ಸೃಷ್ಟಿಯೆಲ್ಲಾ ಒಟ್ಟಾಗಿ ನರಳುತ್ತದೆಂದು ಪೌಲನು ರೋಮಾಪುರದವರಿಗೆ ಬರೆದದ್ದು ಹೀಗೆಯೇ ನಮ್ಮ ಕಣ್ಣ ಮುಂದೆ ನಿಜವಾಗುತ್ತದೆ. ಕರೆಯ ಮೇಲೆ ಕಂಡಕಂಡಲ್ಲಿ ಅನ್ನ ಚೆಲ್ಲಬೇಡಿರಿ. ಗೂಡುಗಳಿಂದ ದೂರವಾಗಿ, ಮನೆಯ ಹತ್ತಿರದ ಗೊತ್ತಾದ ಒಂದು ಸ್ಥಳದಲ್ಲಿ, ಗೊತ್ತಾದ ವೇಳೆಯಲ್ಲಿ, ಗಂಜಿಯನ್ನೂ ನೀರನ್ನೂ ಇಡಿರಿ.

ಮಳೆಗಾಲದ ವಿಷಯವಾಗಿ ಒಂದು ಮಾತು. 2019ರಲ್ಲಿಯೂ 2021ರಲ್ಲಿಯೂ ಕಾಳಿ ಗಂಗಾವಳಿಗಳು ಉಕ್ಕಿ ಬಂದದ್ದನ್ನು ನೀವು ಮರೆತಿಲ್ಲ. ಮನೆ ಬಿಟ್ಟು ಓಡಬೇಕಾದ ಗಳಿಗೆಯಲ್ಲಿ ನಾಯಿಯನ್ನು ಸಂಗಡ ಕರಕೊಂಡು ಹೋಗಲಾಗದಿದ್ದರೆ, ಕಟ್ಟಿದ ಸರಪಣಿಯನ್ನಾದರೂ ಬಿಚ್ಚಿರಿ. ಬಿಚ್ಚಿದ ನಾಯಿಯು ಈಜಿ ಎತ್ತರವನ್ನು ಸೇರೀತು. ಕಟ್ಟಿದ್ದು ಇದ್ದಲ್ಲಿಯೇ ಮುಳುಗುವದು. ಒಂದು ಕೊಂಡಿಯನ್ನು ಕಳಚುವದಕ್ಕೆ ಎಷ್ಟು ಹೊತ್ತು ಬೇಕು?

ಪ್ರಿಯರೇ, ಯೋನನ ಗ್ರಂಥದ ಕೊನೆಯ ವಚನವನ್ನು ಎಂದಾದರೂ ನಿಂತು ಓದಿದ್ದೀರೋ? ನಿನೆವೆಯನ್ನು ಯಾಕೆ ಉಳಿಸಿದೆನೆಂದು ದೇವರು ಪ್ರವಾದಿಗೆ ತಿಳಿಸುವಾಗ, ಅದರಲ್ಲಿರುವ ಲಕ್ಷಕ್ಕಿಂತ ಹೆಚ್ಚಾದ ಜನರನ್ನು ಹೇಳಿ, ಕಡೆಯಲ್ಲಿ ಪಶುಗಳನ್ನೂ ಎಣಿಸುತ್ತಾನೆ. ಕೋಪಗೊಂಡ ಪ್ರವಾದಿಯು ಎಣಿಸದೆ ಬಿಟ್ಟವುಗಳನ್ನು ದೇವರು ಎಣಿಸಿದನು. ಅದೇ ದೇವರು ನೂರರಲ್ಲಿ ಒಂದು ಕುರಿಯು ತಪ್ಪಿಹೋದರೆ ತೊಂಬತ್ತೊಂಬತ್ತನ್ನು ಬಿಟ್ಟು ಹುಡುಕಿದನು. ನಾವೂ ಹೀಗೆ ಹುಡುಕಲ್ಪಟ್ಟವರೇ. ನಮ್ಮ ಗಾಯಗಳ ವಾಸನೆಗೆ ಆತನು ಮುಖ ತಿರುಗಿಸಲಿಲ್ಲ. ನಾವು ಕಚ್ಚುವೆವೆಂದು ತಿಳಿದೂ ಕೈ ಚಾಚಿದನು. ಆ ಕೈಗಳಲ್ಲಿ ಇನ್ನೂ ಗುರುತುಗಳುಂಟು.

ಹಾಗಾದರೆ ಈ ವಾರದಲ್ಲಿ ನಿಮ್ಮ ಮನೆಯ ಹಿತ್ತಲಿಗೆ ಹೋಗಿ ನೋಡಿರಿ. ಕಟ್ಟಿದ ನಾಯಿಗೆ ನೀರಿದೆಯೋ? ಅದಕ್ಕೆ ಲಸಿಕೆಯಾಗಿದೆಯೋ? ಹುಟ್ಟಲಿರುವ ಮರಿಗಳ ವಿಷಯದಲ್ಲಿ ಏನು ನಿಶ್ಚಯಿಸಿದ್ದೀರಿ? ಮಕ್ಕಳ ಕೈಯಲ್ಲಿರುವ ಕಲ್ಲನ್ನು ಕೆಳಗೆ ಹಾಕಿಸಿರಿ. ತಾಯಿಯು ಇಂದು ಕಲಿಸಿದ ಕರುಣೆಯನ್ನು ಮಗನು ಮುಂದೆ ತನ್ನ ಹೆಂಡತಿಗೂ ಆಳಿಗೂ ತೋರಿಸುವನು. ಸಭೆಯ ಹಿರಿಯರು ಕೂಡಿ, ಪಶುವೈದ್ಯರನ್ನು ವರುಷಕ್ಕೊಂದು ದಿನ ಊರಿಗೆ ಕರೆಯಿಸಿ, ನಮ್ಮವರ ನಾಯಿ, ನೆರೆಯವರ ನಾಯಿ ಎಂಬ ಭೇದವಿಲ್ಲದೆ ಲಸಿಕೆ ಹಾಕಿಸುವದಾದರೆ, ಅದು ಮಾತಿಲ್ಲದ ಸುವಾರ್ತೆಯಾಗಿರುವದು.

ಪ್ರಾರ್ಥನೆ: ಸಕಲ ಜೀವಿಗಳ ಒಡೆಯನಾದ ತಂದೆಯೇ, ನಿನ್ನ ಮೇಜಿಗೆ ನಮ್ಮನ್ನು ಹೊರಗಿನಿಂದ ಕರೆದದ್ದಕ್ಕಾಗಿ ನಿನ್ನನ್ನು ಸ್ತುತಿಸುತ್ತೇವೆ. ನಮ್ಮ ಕೈಕೆಳಗಿರುವ ಮೂಕ ಪ್ರಾಣಿಗಳ ನೋವನ್ನು ತಿಳಿಯುವ ಹೃದಯವನ್ನು ನಮಗೆ ಕೊಡು. ಕ್ರೂರವಾದ ಕರುಣೆಯಿಂದ ನಮ್ಮನ್ನು ತಪ್ಪಿಸು. ದಾರಿ ತಪ್ಪಿದ್ದನ್ನು ಕಂಡು ಕಾಣದವರ ಹಾಗೆ ಹೋಗದಂತೆ ನಮ್ಮ ಕಾಲುಗಳನ್ನು ನಿಲ್ಲಿಸು. ನಮ್ಮನ್ನು ಹುಡುಕಿ ಬಂದ ಒಳ್ಳೇ ಕುರುಬನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.